ಸರಾಸರಿ ನೋಡಿ ಸರ್ವರ್ ಕಟ್ಟಬೇಡಿ

ನಮಸ್ಕಾರ. ಇಲ್ಲಿರುವವರೆಲ್ಲ ಸರ್ವರ್ ನಡೆಸುವವರೇ, ಪೀಠಿಕೆ ಬೇಡ. ನೇರ ಲೆಕ್ಕಕ್ಕೆ ಇಳಿಯೋಣ.

ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ. ವಿದ್ಯಾರ್ಥಿಗಳು 8 ಲಕ್ಷದ ಆಸುಪಾಸು. ದಿನಪೂರ್ತಿ ಹಂಚಿದರೆ ಸೆಕೆಂಡಿಗೆ 9 ರಿಕ್ವೆಸ್ಟ್, ಅಂದರೆ ಪುಟ ಕೊಡಿ ಎಂಬ ಕೋರಿಕೆ. ಹಳೇ ಲ್ಯಾಪ್‌ಟಾಪ್ ಸಾಕು! ಆದರೆ ರಾತ್ರಿ ಮೂರಕ್ಕೆ ಎದ್ದು ರಿಸಲ್ಟ್ ನೋಡುವವರು ಯಾರು? ಅರ್ಧದಷ್ಟು ಮಂದಿ ಮೊದಲ ಹತ್ತು ನಿಮಿಷದಲ್ಲೇ ಬಂದರು ಎನ್ನಿ: ಸೆಕೆಂಡಿಗೆ 667. ಮಗಳು ಒಂದು ಫೋನಿನಲ್ಲಿ, ಅಪ್ಪ ಇನ್ನೊಂದರಲ್ಲಿ, ಸೋದರಮಾವ ಹುಬ್ಬಳ್ಳಿಯಿಂದ. ಅಲ್ಲಿಗೆ 2,000. ಪಕ್ಕದ ಮನೆಯವರನ್ನು ಸೇರಿಸಿಲ್ಲ, ಅವರಿಗೇ ಕುತೂಹಲ ಜಾಸ್ತಿ. ಒಂಬತ್ತೆಲ್ಲಿ, ಎರಡು ಸಾವಿರವೆಲ್ಲಿ? ಅದಕ್ಕೇ ಹೇಳುವುದು, ಸರಾಸರಿ ನೋಡಬೇಡಿ.

ಇದನ್ನು ಸರತಿಯ ಗಣಿತದಲ್ಲಿ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರಕ್ಕೆ ಹಾಕಿ. ಸೆಕೆಂಡಿಗೆ ಬರುವವರನ್ನು ಒಳಗೆ ಕಳೆಯುವ ಸಮಯದಿಂದ ಗುಣಿಸಿದರೆ, ಏಕಕಾಲಕ್ಕೆ ಒಳಗಿರುವವರ ಸಂಖ್ಯೆ. ಉತ್ತರಕ್ಕೆ 0.2 ಸೆಕೆಂಡ್ ಆದರೆ 400. ಡೇಟಾಬೇಸ್ ಏದುಸಿರು ಬಿಟ್ಟು 2 ಸೆಕೆಂಡ್ ತೆಗೆದುಕೊಂಡರೆ 4,000. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ನಾವು ಬದಲಿಸದಿದ್ದರೆ ಏಕಕಾಲದ ಕನೆಕ್ಷನ್ ಮಿತಿ 100! ಆಗ ಯಾರೋ ಒಬ್ಬರು "ಇನ್ನೂ ಹತ್ತು ಆ್ಯಪ್ ಸರ್ವರ್ ಹಾಕ್ರೀ" ಎನ್ನುತ್ತಾರೆ. ಅವೂ ಅದೇ ಡೇಟಾಬೇಸಿನ ಮುಂದೆ ಬಂದು ಮುಗಿಬೀಳುತ್ತವೆ. ಆಟೊಸ್ಕೇಲಿಂಗನ್ನು, ಅಂದರೆ ಒತ್ತಡ ಏರಿದಾಗ ತಾನಾಗಿ ಯಂತ್ರ ಸೇರಿಸುವ ವ್ಯವಸ್ಥೆಯನ್ನು ನೆಚ್ಚಿದವರೇ, ಹೊಸ ಯಂತ್ರ ಎದ್ದು ಕೆಲಸಕ್ಕೆ ನಿಲ್ಲಲು ನಿಮಿಷಗಳು ಬೇಕು. ನೂಕುನುಗ್ಗಲು ಮೊದಲ ನಿಮಿಷದಲ್ಲೇ.

ಅಸಲಿಗೆ ಡೇಟಾಬೇಸ್ ಯಾಕೆ ಬೇಕು? ಅಂಕ ನಿಮಿಷ ನಿಮಿಷಕ್ಕೆ ಬದಲಾಗುವುದಿಲ್ಲವಲ್ಲ. ಹಿಂದಿನ ರಾತ್ರಿಯೇ ಒಬ್ಬೊಬ್ಬರಿಗೂ 2 ಕೆಬಿಯ ಫೈಲ್ ಬರೆದಿಡಿ. ಒಟ್ಟು 1.6 ಜಿಬಿ, ರ‍್ಯಾಮ್‌ನಲ್ಲೇ ಕೂರುತ್ತದೆ. ಫೈಲಿನ ಹೆಸರು ಬರೀ ನೋಂದಣಿ ಸಂಖ್ಯೆ ಆಗದಿರಲಿ; ಒಂದೊಂದೇ ಕೂಡಿಸುತ್ತಾ ಊರಿನವರ ಅಂಕವನ್ನೆಲ್ಲ ಎಳೆದುಕೊಳ್ಳುವವರಿದ್ದಾರೆ. ಜನ್ಮದಿನಾಂಕವನ್ನೂ ಒಂದು ಗುಪ್ತ ಕೀಯನ್ನೂ ಬೆರೆಸಿ ಹ್ಯಾಶ್ ಮಾಡಿ, ಅಂದರೆ ಊಹಿಸಲಾಗದ ಅಕ್ಷರಸಾಲಾಗಿ ಬದಲಿಸಿ. 2,000 ರಿಕ್ವೆಸ್ಟಿಗೆ ಬ್ಯಾಂಡ್‌ವಿಡ್ತ್ ಸೆಕೆಂಡಿಗೆ 32 ಮೆಗಾಬಿಟ್, ಅಷ್ಟೇ. ಪುಟದ ನೆತ್ತಿಯ ಮೇಲೆ ಗಣ್ಯರ 1.5 ಎಂಬಿ ಫೋಟೊ ಇಟ್ಟಿರೋ, 24 ಗಿಗಾಬಿಟ್! ಸರ್ವರ್ ಮಲಗುವುದು ಮಕ್ಕಳ ಅಂಕದ ಭಾರಕ್ಕಲ್ಲ, ಆ ಮುಗುಳ್ನಗೆಯ ಭಾರಕ್ಕೆ.

ಇನ್ನು ಸಿಪಿಯು. "60% ಇದೆ, ಆರಾಮ." ಎಷ್ಟು ಹೊತ್ತಿನ 60? ಐದು ನಿಮಿಷದ ಸರಾಸರಿಯಾದರೆ ಮೂರು ನಿಮಿಷ 100, ಎರಡು ನಿಮಿಷ ಖಾಲಿ ಇದ್ದಿರಬಹುದು. ಮತ್ತೆ ಅದೇ ಮಾತು, ಬೇಸರ ಬೇಡ. ಒಂದು ಸರ್ವರ್, ಒಂದು ಸರತಿ ಎಂಬ ಸರಳ ಮಾದರಿಯಲ್ಲಿ 50% ಬಳಕೆಗೆ ಉತ್ತರದ ಸಮಯ ಖಾಲಿ ಸರ್ವರಿನದರ ಎರಡು ಪಟ್ಟು, 80ಕ್ಕೆ ಐದು, 90ಕ್ಕೆ ಹತ್ತು, 95ಕ್ಕೆ ಇಪ್ಪತ್ತು. ಕೊನೆಯ ಐದು ಅಂಕಿಗೆ ಎಷ್ಟು ದಂಡ ತೆತ್ತೆವು ನೋಡಿ.

ಚೀಟಿ ಬಂತು, ಎರಡೇ ನಿಮಿಷವಂತೆ. ಬೇಗ ಹೇಳುತ್ತೇನೆ. ಎರಡು ಡೇಟಾ ಸೆಂಟರ್ ಇದ್ದರೆ ಪೀಕ್‌ನಲ್ಲೂ ಒಂದೊಂದು 50% ದಾಟಬಾರದು, ಮೂರಿದ್ದರೆ 66. ಒಂದು ಬಿದ್ದಾಗ ಉಳಿದವು ಹೊರಬೇಕು. ರಿಟ್ರೈ, ಅಂದರೆ ವಿಫಲವಾದದ್ದನ್ನು ಮತ್ತೆ ಪ್ರಯತ್ನಿಸುವುದು, ಒಂದೇ ಪದರದಲ್ಲಿರಲಿ. ಮೂರು ಪದರವೂ ಮೂರು ಮೂರು ಸಲ ಪ್ರಯತ್ನಿಸಿದರೆ ತಳದ ಡೇಟಾಬೇಸಿಗೆ 27 ಏಟು. ಕಾಯುವ ಅವಧಿ 1, 2, 4 ಸೆಕೆಂಡ್ ಎಂದು ಬೆಳೆಯಲಿ, ಜೊತೆಗೆ ಸ್ವಲ್ಪ ಯಾದೃಚ್ಛಿಕತೆ; ಇಲ್ಲವಾದರೆ ಎಲ್ಲರೂ ಒಟ್ಟಿಗೇ ಮರಳಿ ಬರುತ್ತಾರೆ. ಲೋಡ್ ಟೆಸ್ಟಿನ, ಅಂದರೆ ಕೃತಕ ನೂಕುನುಗ್ಗಲು ಹರಿಸಿ ನೋಡುವ ಪರೀಕ್ಷೆಯ ಸ್ಲೈಡುಗಳನ್ನು ಬಿಡುತ್ತೇನೆ. 2,000 ತಾಳಿತೆಂದು ಅಲ್ಲಿಗೇ ನಿಲ್ಲಿಸಬೇಡಿ, ಬೀಳುವ ತನಕ ಏರಿಸಿ. ಮೊದಲು ಬಿದ್ದದ್ದು ಯಾವುದು, ಎಷ್ಟಕ್ಕೆ ಬಿತ್ತು ಎಂದು ಬರೆದಿಟ್ಟುಕೊಳ್ಳಿ. ಪ್ರಶ್ನೆಗಳಿದ್ದರೆ ಹೊರಗೆ ಕಾಫಿ ಹತ್ತಿರ ಸಿಗುತ್ತೇನೆ.