ಮನಸ್ಸು ಕುಗ್ಗಿದಾಗ: ಖಿನ್ನತೆ ಮತ್ತು ಮಾತಿನ ಚಿಕಿತ್ಸೆ

ಕೇಳುಗರೆಲ್ಲರಿಗೂ ನಮಸ್ಕಾರ.

ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆ ನಿಂತು ಕಾರವಾರದ ದೋಣಿಗಳು ದಡ ಸೇರಿದಾಗ, ಅಥವಾ ಶಿರಸಿಯ ತೋಟಗಳಲ್ಲಿ ಕೊಳೆರೋಗಕ್ಕೆ ಎಳೆಯಡಿಕೆ ಉದುರಿದಾಗ, ದುಡಿಯುವವರ ಮನಸ್ಸು ಬಾಡುವುದು ಸಹಜ. ಅಂಥ ದುಃಖ ಸಾಮಾನ್ಯವಾಗಿ ದಿನ ಕಳೆದಂತೆ ತಿಳಿಯಾಗುತ್ತದೆ. ಆದರೆ ಎರಡು ವಾರಕ್ಕೂ ಮಿಕ್ಕಿ, ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದು, ರಾತ್ರಿಯಿಡೀ ಕುಳಿತು ನೋಡುತ್ತಿದ್ದ ಯಕ್ಷಗಾನವೂ ಬೇಡವೆನಿಸಿ, ನಿದ್ದೆ ಹಸಿವುಗಳು ಕೆಟ್ಟು, ‘ನನ್ನಿಂದ ಯಾರಿಗೂ ಪ್ರಯೋಜನವಿಲ್ಲ’ ಎಂಬ ಯೋಚನೆ ಬೇರೂರಿದರೆ, ಅದು ಖಿನ್ನತೆಯಿರಬಹುದು. ನಮ್ಮಲ್ಲಿ ಅನೇಕರು ಇದನ್ನು ತಲೆಭಾರ, ಮೈಕೈ ನೋವು, ಸುಸ್ತು ಎಂದಷ್ಟೇ ಹೇಳಿಕೊಳ್ಳುತ್ತಾರೆ. ಥೈರಾಯ್ಡ್ ಕೊರತೆಯೂ ಇಂಥದೇ ಲಕ್ಷಣ ತೋರಬಹುದಾದ್ದರಿಂದ ವೈದ್ಯರು ರಕ್ತಪರೀಕ್ಷೆ ಮಾಡಿಸುವುದುಂಟು.

ಮಾತಿನ ಚಿಕಿತ್ಸೆಯೆಂದರೆ ಬುದ್ಧಿವಾದವಲ್ಲ. ‘ಧೈರ್ಯ ತಂದುಕೋ’ ಎಂದು ನಾವು ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಅದನ್ನು ತಂದುಕೊಳ್ಳಲಾಗದವರಿಗೆ ಆ ಮಾತು ಇನ್ನೊಂದು ತಪ್ಪಿತಸ್ಥ ಭಾವವಾಗಿ ಚುಚ್ಚುತ್ತದೆ. ಚಿಕಿತ್ಸಕರ ದಾರಿ ಬೇರೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಪದ್ಧತಿಯಲ್ಲಿ, ಮನಸ್ಸಿಗೆ ತಾನಾಗಿ ಬರುವ ಕಹಿ ಯೋಚನೆಯನ್ನು ಬರೆದಿಟ್ಟು, ಅದಕ್ಕೆ ಆಧಾರವೇನು, ಅದಕ್ಕೆ ವಿರುದ್ಧವಾದ ಸಂಗತಿಗಳೇನು ಎಂಬುದನ್ನು ಇಬ್ಬರೂ ಕೂಡಿ ಪರಿಶೀಲಿಸುತ್ತಾರೆ. ಉತ್ಸಾಹ ಬಂದ ಮೇಲೆ ಕೆಲಸ ಎಂದು ಕಾಯದೆ, ತೋಟಕ್ಕೊಂದು ಸುತ್ತು ಹೋಗಿಬರುವಂಥ ಚಿಕ್ಕ ಕೆಲಸವನ್ನು ಗೊತ್ತುಮಾಡಿಕೊಂಡು ನಡೆಸುವುದೂ ಚಿಕಿತ್ಸೆಯ ಭಾಗವೇ. ಸಾಮಾನ್ಯವಾಗಿ ವಾರಕ್ಕೊಮ್ಮೆ, ಸುಮಾರು ಮುಕ್ಕಾಲು ಗಂಟೆಯಂತೆ ಕೆಲವು ತಿಂಗಳು ಇದು ಸಾಗುತ್ತದೆ. ಮೊದಲ ಭೇಟಿಯಲ್ಲೇ ಹಗುರಾಗಲಿಲ್ಲವೆಂದು ಬಿಡಬಾರದು. ಕಾಯಿಲೆ ತೀವ್ರವಾಗಿದ್ದರೆ ಮಾತ್ರೆಯೂ ಬೇಕಾಗುತ್ತದೆ. ಅದರ ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ, ವೈದ್ಯರನ್ನು ಕೇಳದೆ ನಿಲ್ಲಿಸುವುದು ಸರಿಯಲ್ಲ.

ದೇವರಲ್ಲಿ ಪ್ರಸಾದ ಕೇಳುವವರು ಕೇಳಲಿ, ಅದಕ್ಕಾಗಿ ಚಿಕಿತ್ಸೆ ಮಾತ್ರ ತಡವಾಗದಿರಲಿ. ಊರಿಗೆಲ್ಲ ಸುದ್ದಿಯಾದರೆ ಮಗಳ ಮದುವೆ ಹೇಗೆ ಎಂಬ ಅಂಜಿಕೆ ಸಣ್ಣದಲ್ಲವೆಂದು ಬಲ್ಲೆ. ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ರೋಗಿಯ ಹಕ್ಕೆಂದು ಹೇಳಿದೆ.

ಕಾಯಿಲೆಯವರ ಬಾಯಲ್ಲಿ ಸಾಯುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ತೋಟದ ಔಷಧಿಗಳನ್ನು ಬೀಗದಲ್ಲಿಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಎಲ್ಲಿಗೆ ಹೋಗಬೇಕೆಂದು ತೋಚದವರು ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಕಾಯಿಲೆಯವರು ಒಪ್ಪದಿದ್ದರೆ ಮನೆಯವರೇ ಕರೆಮಾಡಿ ಸಲಹೆ ಕೇಳಬಹುದು.