ಹಂಚು ಮಗುಚಿ ನೋಡಿ
ಕೇಳುಗರಿಗೆ ನಮಸ್ಕಾರ. ಕಾರವಾರ, ಕುಮಟಾ, ಶಿರಸಿ ಕಡೆ ಜಗುಲಿ, ಮೆತ್ತು (ಮೇಲಿನ ಅಟ್ಟ) ಇರುವ ಹಂಚಿನ ಮನೆಯವರು 'ನಮ್ಮ ಮನೆ ಸ್ಮಾರಕ ಆಗಬಹುದಾ?' ಅಂತ ಕೇಳುವುದುಂಟು. ಕೇಂದ್ರದ 1958ರ ಕಾಯ್ದೆಯ ಪ್ರಕಾರ ಸ್ಮಾರಕಕ್ಕೆ ಕನಿಷ್ಠ 100 ವರ್ಷ ಆಗಿರಬೇಕು. ವಯಸ್ಸೊಂದೇ ಸಾಲದು, ಐತಿಹಾಸಿಕ ಅಥವಾ ಕಲೆಯ ಮಹತ್ವವೂ ಬೇಕು. ಆದರೂ ಮೊದಲು ವಯಸ್ಸು ತೋರಿಸಬೇಕಲ್ಲ.

ಪಹಣಿಯಲ್ಲಿ ಅದು ಸಿಗುವುದಿಲ್ಲ. ಪಹಣಿ ಜಮೀನಿನ ಕಾಗದ. ಹಿಸೆ (ಪಾಲು) ಪತ್ರ, ಖರೀದಿ ಪತ್ರ, ಮನೆ ತೆರಿಗೆಯ ಹಳೇ ಪಾವತಿ ಹುಡುಕಿ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬೈ ಪ್ರಾಂತದಲ್ಲಿತ್ತು, ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಅಜ್ಜ, ಮುತ್ತಜ್ಜನ ಕಾಲದ ಪತ್ರಗಳೆಲ್ಲ ಮುಂಬೈ ಆಡಳಿತದವು.

ಕಾಗದ ಇಲ್ಲವೆಂದರೆ ಮಾಡು ಹತ್ತಿ, ಹಂಚು ಮಗುಚಿ. ಹಿಂಬದಿಯಲ್ಲಿ ಕಾರ್ಖಾನೆಯ ಹೆಸರಿರುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ ಮಾಡಿದ ಹಂಚಿನ ಮೇಲೆ '1865' ಕಂಡ ಕೂಡಲೇ ಮನೆಯೂ ಆ ವರ್ಷದ್ದೇ ಅಂತ ಹಿಗ್ಗಬೇಡಿ. ಅದು ಮಂಗಳೂರಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಹಂಚು ಸುಟ್ಟ ವರ್ಷವಲ್ಲ. 'ಕಾಮನ್‌ವೆಲ್ತ್ ಟ್ರಸ್ಟ್' ಅಂತಿದ್ದರೆ ಮೊದಲ ಮಹಾಯುದ್ಧದ ನಂತರದ್ದು, ಯಾಕೆಂದರೆ ಮಿಶನ್ನಿನ ಕಾರ್ಖಾನೆಗಳು ಆಮೇಲೆ ಆ ಕಂಪನಿಯ ಕೈಸೇರಿದವು. ಒಂದೇ ಹಂಚನ್ನು ನಂಬಬೇಡಿ: ಒಡೆದದ್ದರ ಜಾಗಕ್ಕೆ ಹೊಸದು ಬಂದಿರುತ್ತದೆ, ಹಳೆಯದು ಕೊಟ್ಟಿಗೆಗೆ ಹೋಗಿರುತ್ತದೆ. ಕೊಟ್ಟಿಗೆಯ ಮಾಡನ್ನೂ ನೋಡಿ, ಪ್ರತಿ ಮುದ್ರೆಯ ಫೋಟೋ ತೆಗೆದು, ಎಲ್ಲಿಯದು ಅಂತ ಬರೆದಿಡಿ.

ಹಂಚಿನಂತೆ ಗೋಡೆಯೂ ಹಳೆತನದ ಸಾಕ್ಷಿ. ಅದನ್ನು ಹೆಚ್ಚಾಗಿ ಅಳಿಸುವುದು ರಿಪೇರಿಯೇ. ಚಿರೆಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆಗೆ ಮೈತುಂಬ ತೂತು. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬಿಸಿಲಿಗೆ ಆರುತ್ತದೆ. ಮೇಲೆ ಸಿಮೆಂಟ್ ಗಿಲಾಯಿ ಬಳಿದರೆ ನೀರು ಒಳಗೇ ಉಳಿದು, ಉಪ್ಪು ಗಿಲಾಯಿಯ ಹಿಂದೆ ಹರಳುಗಟ್ಟಿ, ಹೊಪ್ಪಳೆ ಹೊಪ್ಪಳೆಯಾಗಿ ಕಿತ್ತು ಬರುತ್ತದೆ, ಕಲ್ಲಿನ ಮುಖವನ್ನೂ ಎಳೆದುಕೊಂಡು. ಅಘನಾಶಿನಿ ಅಳಿವೆಯ ಚಿಪ್ಪು ಸುಟ್ಟ ಸುಣ್ಣವೇ ಇದಕ್ಕೆ ಸರಿ. ನೀರಲ್ಲಿ ಅರಳಿಸಿ, ಕನಿಷ್ಠ 2 ವಾರ ನೆನೆಸಿ, 1 ಪಾಲು ಸುಣ್ಣಕ್ಕೆ 3 ಪಾಲು ಹೊಳೆ ಮರಳು ಕಲಸಬೇಕು. ಸಮುದ್ರದ ಮರಳು ಬೇಡವೇ ಬೇಡ, ಉಪ್ಪನ್ನು ನಾವೇ ತಂದು ಹಚ್ಚಿದಂತೆ. ಗೋಡೆಗೆ ಮೊದಲು ನೀರು ಹೊಡೆದು, ತೆಳುವಾಗಿ ಎರಡು ಸಲ ಬಳಿಯಬೇಕು. ಒಂದು ವಾರ ತಟ್ಟಿ ಕಟ್ಟಿ ಬಿಸಿಲು ತಪ್ಪಿಸಬೇಕು. ಬೇಗ ಆರಿದರೆ ಸುಣ್ಣ ಹಿಡಿಯದೆ ಪುಡಿಯಾಗುತ್ತದೆ.

ಗೋಡೆಗೆ ಕೈಹಾಕುವ ಮೊದಲು ಮಾಡಿನ ಸೋರಿಕೆ ನಿಲ್ಲಿಸಿ. ಹಂಚು ಹೊರುವ ಮರದ ರೀಪು, ಪಕಾಸಿಗೆ ಒರಲೆ ಹಿಡಿದಿದೆಯಾ ಅಂತ ಚೂರಿಯಿಂದ ಚುಚ್ಚಿ ನೋಡಿ. ಒಳಗೆ ಹೋದರೆ ಅಷ್ಟು ತುಂಡು ಮಾತ್ರ ಬದಲಿಸಿ. ದೀಪಾವಳಿ ಕಳೆದ ಮೇಲೆ ಕೆಲಸ ಹಿಡಿದರೆ ಮಳೆ ಬರುವುದರೊಳಗೆ ಗಿಲಾಯಿ ಗಟ್ಟಿಯಾಗಿರುತ್ತದೆ.