ಕುನ್ನಿ ಕೈಗಿ ಬಾಯಿ ಹಾಕ್ತದ, ಬಂದವರ ಮೈಮ್ಯಾಲ ಹಾರ್ತದ: ಬಿಡಿಸೋದು ಹ್ಯಾಂಗ?

(ದೃಶ್ಯ: ಕಲಬುರಗಿಯ ಒಂದು ಮನೆ. ಪಡಸಾಲೆಗೆ ಶಹಾಬಾದ್ ಫರಸಿ. ಬಾಗಿಲ ಕೊಂಡಿ ಸಪ್ಪಳವಾದ ಕೂಡಲೇ ಮೂರು ತಿಂಗಳ ಕುನ್ನಿ ಓಡಿಬಂದು, ಬಂದವರ ಧೋತರ ಹಿಡಿದು ಜಗ್ಗುತ್ತದೆ.)

ನಮಸ್ಕಾರ್ರಿ. ಈಗ ನೋಡಿದ್ರಲ್ಲ, ಕುನ್ನಿ ಇರೋ ಮನ್ಯಾಗ ದಿನಾ ಇದೇ ನಡೀತದ. ಅದು ಹಾರ್ತದ, ಮನಿ ಮಂದಿ ಎಲ್ಲಾರೂ ಒಮ್ಮೆಲೇ "ಏ, ಚೀ, ಕೆಳಗ ಇಳಿ" ಅಂತ ಒದರ್ತಾರ, ಅದು ಇನ್ನೂ ಜೋರು ಹಾರ್ತದ. ಒದರಿದ್ದು ಬೈಗುಳ ಅಂತ ಕುನ್ನಿಗಿ ತಿಳಿಯಂಗಿಲ್ರಿ. ನಾ ಹಾರಿದ್ರ ಎಲ್ಲಾರೂ ನನ್ನ ಕಡಿ ನೋಡ್ತಾರ, ಮಾತಾಡಸ್ತಾರ, ಮುಟ್ತಾರ, ಇಷ್ಟು ಮಾತ್ರ ಅದಕ್ಕ ತಿಳೀತದ. ಕೈಲಿಂದ ದೂಡಿದ್ರೂ ಅದಕ್ಕ ಅದು ಆಟಾನೇ. ಕುನ್ನಿ ಕುನ್ನಿ ಆಡುವಾಗ ಹಂಗೇ ದೂಡ್ಯಾಡ್ತಾವ. ಅಂದ್ರ ಹಾರೋದನ್ನ ದಿನಾ ಕಲಿಸಾಕತ್ತವರು ಮನಿ ಮಂದಿ ಮತ್ತ ಮನಿಗಿ ಬಂದವರು. ಹಂಗಾಗಿ ಈ ವಿಡಿಯೋದಾಗ ಅರ್ಧ ಪಾಠ ಕುನ್ನಿಗಿ, ಅರ್ಧ ಮಂದಿಗಿ.

ಮೊದಲು ಬಾಯಿ ಹಾಕೋದು.

ಕುನ್ನಿಗಿ 28 ಹಾಲಹಲ್ಲು, ಒಂದೊಂದೂ ಸೂಜಿಯಂಗ ಇರ್ತದ. ಸುಮಾರು ನಾಲ್ಕನೇ ತಿಂಗಳಿಂದ ಅವು ಬಿದ್ದು, ಆರೇಳು ತಿಂಗಳಾಗೂದ್ರಾಗ 42 ಹಲ್ಲು ಬರ್ತಾವ. ಅಲ್ಲಿತನ ವಸಡು ತುರಸ್ತಾನೇ ಇರ್ತದ, ಸಿಕ್ಕಿದ್ದೆಲ್ಲಾ ಅಗೀತದ. ಇನ್ನೊಂದು ಕಾರಣ ಅದ. ಒಡಹುಟ್ಟಿದ ಕುನ್ನಿಗೋಳು ಆಡುವಾಗ ಒಂದು ಜೋರ ಕಡದ್ರ ಇನ್ನೊಂದು ಕುಂಯ್ ಅಂತ ಆಟ ಬಿಟ್ಟು ಹೋಗ್ತದ. ಹಲ್ಲು ಎಷ್ಟು ಊರಬೇಕು ಅನ್ನೋದು ಅಲ್ಲೇ ಕಲೀತಾವ. ಎಂಟು ವಾರ ತುಂಬೋ ಮೊದಲೇ, ತಿಂಗಳಿಗೇ ತಂದ ಕುನ್ನಿಗಿ ಈ ಪಾಠ ಆಗಿರಂಗಿಲ್ಲ. ಅದನ್ನ ನೀವು ಮಾಡಬೇಕು.

(ದೃಶ್ಯ: ಹಳೆ ನೂಲಿನ ಸೀರೆಯ ಮೂರು ಪಟ್ಟಿ. ಜಡೆ ಹೆಣೆಯುವ ಕೈಗಳು ಹತ್ತಿರದಿಂದ.)

ಕೈ ಬದಲಿ ಅದು ಅಗಿಯಾಕ ಒಂದು ಹಗ್ಗ ಮಾಡೂಣು. ಹಳೀ ನೂಲಿನ ಸೀರಿ ತಗೋರಿ. ಮೂರು ಇಂಚು ಅಗಲ, ಮೂರು ಫೂಟು ಉದ್ದದ ಮೂರು ಪಟ್ಟಿ ಹರೀರಿ. ಬಿಗಿಯಾಗಿ ಜಡಿ ಹೆಣದು ಎರಡೂ ತುದಿಗಿ ಗಂಟು ಹಾಕ್ರಿ. ಉದ್ದ ಯಾಕಂದ್ರ, ನಿಮ್ಮ ಕೈಗೂ ಅದರ ಹಲ್ಲಿಗೂ ನಡುವ ಕಮ್ಮಿ ಅಂದ್ರೂ ಒಂದು ಫೂಟು ಜಾಗ ಉಳೀಬೇಕು. ಇಂಥವು ಮೂರ್ನಾಲ್ಕು ಮಾಡಿ ಮನಿ ತುಂಬಾ ಇಡ್ರಿ, ಒಂದು ಬಾಗಿಲ ಹತ್ರ ಇರಲೇಬೇಕು. ನೂಲು ಬಿಚ್ಚಾಕ ಹತ್ತಿದ್ರ ಬಿಸಾಡ್ರಿ, ನುಂಗಿದ್ರ ಕರಳಿಗಿ ಸಿಗತದ. ಹಳೀ ಚಪ್ಪಲಿ ಕೊಡಬ್ಯಾಡ್ರಿ. ಹಳೇದು ಯಾವುದು, ಹೊಸದು ಯಾವುದು ಅಂತ ಅದಕ್ಕ ಗೊತ್ತಾಗಂಗಿಲ್ಲ.

ಆಡುವಾಗ ಹಲ್ಲು ಚರ್ಮಕ್ಕ ತಾಕ್ತು ಅನ್ರಿ. ಕೈ ಗಕ್ಕನ ಜಗ್ಗಬ್ಯಾಡ್ರಿ. ಜಗ್ಗಿದ ಕೈ ಅಂದ್ರ ಓಡೋ ಇಲಿ ಇದ್ದಂಗ, ಹಲ್ಲು ಇನ್ನೂ ಆಳಕ್ಕ ಊರ್ತದ, ಗೀರೂ ಉದ್ದ ಆಗ್ತದ. ಕೈ ಸಡಿಲ ಬಿಡ್ರಿ. ಸಣ್ಣ ದನಿಲೆ "ಆಯ್ತು" ಅನ್ರಿ. ಎದ್ದು ಬಾಗಿಲ ಆಚಿ ಹೋಗಿ 20ರಿಂದ 30 ಸೆಕೆಂಡ್ ನಿಲ್ರಿ. ಆಮ್ಯಾಲ ಬಂದು ಸೀರಿ ಹಗ್ಗ ಕೊಟ್ಟು ಆಡಸ್ರಿ. ಐದು ನಿಮಿಷ ಹೊರಗ ನಿಂತ್ರ ಕೆಲಸ ಕೆಡತದ, ಯಾಕ ಹೋದ್ರು ಅನ್ನೋದೇ ಅದಕ್ಕ ಮರತಿರ್ತದ.

ಮೂರು ಸಲ ಹಿಂಗ ಮಾಡಿದ್ರೂ ಮತ್ತ ಬಾಯಿ ಹಾಕಿದ್ರ, ಅದಕ್ಕ ನಿದ್ದಿ ಬಂದದ ಅಂತ ತಿಳೀರಿ. ಈ ವಯಸ್ಸಿನ ಕುನ್ನಿ ದಿನಕ್ಕ 18 ತಾಸು ಮಲಗಬೇಕು. ಹಗಲಿನಾಗ ತಾಸು ಎಚ್ಚರ ಇದ್ರ ಎರಡು ತಾಸು ನಿದ್ದಿ, ಇದೇ ಲೆಕ್ಕ. ಮೇ ತಿಂಗಳ ಬಿಸಿಲಾಗ ನಮ್ಮ ಕಡಿ ಹಗಲೆಲ್ಲಾ ಮನಿ ಒಳಗೇ ಇದ್ದು, ಸಂಜಿ ಆರಕ್ಕ ಹುಚ್ಚು ಹಿಡದಂಗ ಓಡ್ಯಾಡಿ ಎಲ್ಲಾರ ಕಾಲಿಗೂ ಬಾಯಿ ಹಾಕೋದು ಇದರಿಂದೇ. ಹಸೀ ಬಟ್ಟಿ ಹಿಂಡಿ, ಹುರಿ ಮಾಡಿ, ಫ್ರೀಜರ್‌ನಾಗ ಇಟ್ಟು ಕೊಟ್ರ ವಸಡಿಗೂ ಆರಾಮ, ಮೈಗೂ ತಂಪು. ಹೊರಗ ಕರಕೊಂಡು ಹೋಗೋದು ಮುಂಜಾನಿ ಏಳರ ಒಳಗ. ಅಂಗಳದ ಫರಸಿಗಿ ನಿಮ್ಮ ಕೈ ಹಿಂಭಾಗ ಏಳು ಸೆಕೆಂಡ್ ಹಚ್ಚಿ ನೋಡ್ರಿ. ನಿಮಗ ತಾಳದಿದ್ರ ಅದರ ಪಾದಕ್ಕೂ ತಾಳಂಗಿಲ್ಲ.

ಮೂತಿ ಹಿಡದು ಬಿಗಿಯೋದು, ಮೂಗಿನ ಮ್ಯಾಲ ಹೊಡಿಯೋದು, ಎದಿಗಿ ಮೊಣಕಾಲು ಕೊಡೋದು, ಇವನ್ನ ದಯವಿಟ್ಟು ಬಿಡ್ರಿ. ಹೊಡತದಿಂದ ಅದು ಕಲಿಯೋದು ಒಂದೇ: ಕೈ ಅಂದ್ರ ಅಂಜಿಕಿ. ಗುರ್ ಅಂದಾಗೂ ಹೊಡದ್ರ ಗುರ್ ಅನ್ನೋದನ್ನ ಬಿಡತದ, ಮುಂದ ಸಪ್ಪಳಿಲ್ಲದಂಗ ಕಡೀತದ.

ಆಟದಾಗ ಆದ್ರೂ ಸರಿ, ಚರ್ಮ ಗೀರಿದ್ರ ಹರಿಯೋ ನೀರಾಗ ಸಬಕಾರ ಹಚ್ಚಿ 15 ನಿಮಿಷ ತೊಳೀರಿ. ಅರಿಶಿಣ, ಖಾರ, ಸುಣ್ಣ ಏನೂ ಹಚ್ಚಬ್ಯಾಡ್ರಿ. ಅದೇ ದಿನ ದವಾಖಾನಿಗಿ ಹೋಗಿ ತೋರಸ್ರಿ, ರೇಬೀಸ್ ಸೂಜಿ ಡಾಕ್ಟರ್ ಹೇಳ್ತಾರ. ಕುನ್ನಿಗಿ ಈ ಸೂಜಿ ಮೂರು ತಿಂಗಳು ತುಂಬಿದ ಮ್ಯಾಲ ಮಾಡೋದು. ಅಂದ್ರ ಹೆಚ್ಚು ಬಾಯಿ ಹಾಕೋ ವಯಸ್ಸಿನಾಗೇ ಅದಕ್ಕ ಸೂಜಿ ಆಗಿರಂಗಿಲ್ಲ. ಸಣ್ಣ ಕುನ್ನಿ, ಏನಾಗ್ತದ ಅಂತ ಬಿಡಬ್ಯಾಡ್ರಿ.

ಈಗ ಬಾಗಿಲಿಗಿ ಬರೂಣು.

(ದೃಶ್ಯ: ಮಂಚದ ಕಾಲಿಗೆ ಕಟ್ಟಿದ ಹಗ್ಗ, ಅದರ ಮುಂದೆ ಮಡಚಿ ಹಾಸಿದ ಕೌದಿ, ಮಾಡದಲ್ಲಿ ಮುಚ್ಚಳದ ಡಬ್ಬಿ.)

ಬಾಗಿಲಿಂದ ಎಂಟ್ಹತ್ತು ಫೂಟು ದೂರ, ಭಾರದ ಮಂಚದ ಕಾಲಿಗಿ ನಾಲ್ಕು ಫೂಟಿನ ಹಗ್ಗ ಕಟ್ರಿ. ಅಲ್ಲಿ ಹಳೀ ಕೌದಿ ಮಡಚಿ ಹಾಸ್ರಿ. ನುಣ್ಣನ್ನ ಫರಸಿ ಮ್ಯಾಲ ಕೂಡಾಕ ಹೋದ್ರ ಕಾಲು ಜಾರ್ತಾವ, ಆಗ ಅದು ಕೂಡೋದನ್ನೇ ಒಲ್ಲೆ ಅಂತದ. ಡಬ್ಬಿಯಾಗ ಕಡ್ಲಿಕಾಳಿನಷ್ಟು ಸಣ್ಣ ಚೂರು ಇಡ್ರಿ. ಮನಿ ಮಂದಿ ಜೋಡಿ ಅಭ್ಯಾಸಕ್ಕ ಕಡಕ್ ರೊಟ್ಟಿ ಚೂರು ಸಾಕು. ಖರೇ ಮಂದಿ ಬರೋ ದಿನ ಉಪ್ಪು, ಖಾರ ಇಲ್ಲದ ಬೇಯಿಸಿದ ಕೋಳಿ, ಇಲ್ಲಾ ತತ್ತಿ ಬೇಕು. ದ್ರಾಕ್ಷಿ, ಮಣೂಕ, ಉಳ್ಳಾಗಡ್ಡಿ, ಚಾಕ್ಲೇಟ್ ನಾಯಿಗಿ ವಿಷ, ಒಂದು ಚೂರೂ ಕೊಡಬ್ಯಾಡ್ರಿ.

ಮೊದಲ ನಾಲ್ಕು ದಿನ "ಕೂಡು" ಒಂದೇ. ಚೂರು ಮೂಗಿನ ಹತ್ರ ಹಿಡದು, ನಿಧಾನ ತಲಿ ಮ್ಯಾಲ ಹಿಂದಕ್ಕ ಒಯ್ರಿ. ಮೂಗು ಮ್ಯಾಲ ಹೋದ್ರ ಕುಂಡಿ ನೆಲಕ್ಕ ಬರ್ತದ, ಅದೇ ಕ್ಷಣಕ್ಕ ಕೊಡ್ರಿ. ಕೈ ಭಾಳ ಎತ್ತರ ಹಿಡದ್ರ ಜಿಗೀತದ, ತಪ್ಪು ನಿಮ್ಮದು. ಒಂದು ಸಲಕ್ಕ ಹತ್ತು, ದಿನಕ್ಕ ಮೂರು ಸಲ.

ಆಮ್ಯಾಲ ಕುನ್ನಿಯನ್ನ ಮಂಚದ ಹಗ್ಗಕ್ಕ ಕಟ್ಟಿ, ಮನಿಯವರೇ ಬೀಗರಾಗ್ರಿ. ಹೊರಗ ಹೋಗಿ ಕೊಂಡಿ ಬಾರಿಸಿ ಒಳಗ ಬರ್ರಿ. ಮುಂಗಾಲು ಎದ್ದ ಕೂಡಲೇ ನಿಂತು, ಮಾರಿ ತಿರುವಿ ಒಂದು ಹೆಜ್ಜಿ ಹಿಂದ ಹೋಗ್ರಿ. ನಾಲ್ಕೂ ಕಾಲು ನೆಲಕ್ಕ ಬಂದ್ರ ಮುಂದ ಬರ್ರಿ. ಚೂರು ಕೊಡೋದು ನೆಲಕ್ಕ ತಾಕಿಸಿ. ಎದಿ ಎತ್ತರದಾಗ ಕೊಟ್ರ ಮತ್ತ ಹಾರೋದನ್ನೇ ಕಲಿಸಿದಂಗ. ಹಿಂಗ ಒಂದು ಕೂಟಕ್ಕ ಎಂಟ್ಹತ್ತು ಸಲ.

(ದೃಶ್ಯ: ಬಾಗಿಲಲ್ಲಿ ಅತಿಥಿ.)

ಮನೆಯವರು: ಬರ್ರಿ ಕಾಕಾ. ಜರಾ ಅಲ್ಲೇ ನಿಲ್ರಿ, ಅದರ ಕಡಿ ನೋಡಬ್ಯಾಡ್ರಿ.

ಅತಿಥಿ: ಇರ್ಲಿ ಬಿಡಪಾ, ಸಣ್ಣ ಕುನ್ನಿ ಅದ. ಹಾರ್ಲಿ.

ಮನೆಯವರು: ಇಲ್ರಿ ಕಾಕಾ, ಇವತ್ತ ನೀವು ಮುಟ್ಟಿದ್ರ ನಾಳೆ ಆಯಿ ಮ್ಯಾಲ ಹಾರಿ ಬೀಳಸ್ತದ. ಕೂತ ಮ್ಯಾಲ ಈ ಚೂರು ಕೆಳಗ ಕೊಡ್ರಿ.

ಈ "ಇರ್ಲಿ ಬಿಡ್ರಿ" ಅನ್ನೋದೇ ಎಲ್ಲಾ ಕೆಡಸ್ತದ. ಒಂಬತ್ತು ಮಂದಿ ಮಾರಿ ತಿರುವಿ, ಹತ್ತನೇಯವರು ಮುದ್ದು ಮಾಡಿದ್ರಂದ್ರ, ಅದು ಹತ್ತೂ ಮಂದಿ ಮ್ಯಾಲ ಹಾರಿ ನೋಡ್ತದ. ಕೇಳದವರು ಬಂದ್ರ ಹಗ್ಗ ಬಿಚ್ಚಬ್ಯಾಡ್ರಿ, ಅಷ್ಟೇ.

ಬಾಗಿಲ ಪಾಠ ಶುರು ಮಾಡಿದ ಮೂರು ನಾಲ್ಕನೇ ದಿನ ಹಾರೋದು ಕಮ್ಮಿ ಆಗೋ ಬದಲಿ ಜಾಸ್ತಿ ಆಗ್ತದ, ಬೊಗಳ್ತದ ಕೂಡ. ಇಷ್ಟು ದಿನ ನಡೀತಿದ್ದದ್ದು ಈಗ ಯಾಕ ನಡಿಯವಲ್ಲದು ಅಂತ ಜೋರು ಹಚ್ಚಿ ನೋಡ್ತದ. ಭಾಳ ಮಂದಿ ಇಲ್ಲೇ ಸೋತು ಮುಟ್ಟಿಬಿಡ್ತಾರ. ಆಗ ಅದು ಕಲಿಯೋದು, ಇನ್ನೂ ಜೋರು ಹಾರಬೇಕು ಅಂತ. ತಡೀರಿ. ಎಲ್ಲಾರೂ ಒಂದೇ ನಮೂನಿ ಮಾಡಿದ್ರ ಎರಡು ಮೂರು ವಾರದಾಗ ಫರಕ ಕಾಣಸ್ತದ.

ಸಣ್ಣ ಮಕ್ಕಳಿಗಿ ಕಲಿಸಬೇಕಾದ್ದು ಒಂದೇ: ಓಡಬ್ಯಾಡ, ಕಿರಚಬ್ಯಾಡ, ಕೈ ಕಟ್ಟಿ ಗಿಡದಂಗ ನಿಲ್ಲು. ಶರಣಬಸವೇಶ್ವರ ಜಾತ್ರಿಗಿ, ಎಳ್ಳಮಾಸಿಗಿ ಮನಿ ತುಂಬಾ ಮಂದಿ ಬಂದ ದಿನ ಪಾಠ ಬ್ಯಾಡ. ಅವರು ಬರೋ ಮೊದಲೇ ಒಳಗಿನ ಖೋಲ್ಯಾಗ ನೀರು, ತಂಪು ಬಟ್ಟಿ ಕೊಟ್ಟು ಬಿಡ್ರಿ. ಹಾರಿದ ಮ್ಯಾಲ ಒಯ್ದು ಹಾಕಿದ್ರ ಆ ಖೋಲಿ ಅದಕ್ಕ ಜೇಲು ಆಗ್ತದ.

ಕಡೀಗಿ, ಬಾಲ ಕಾಲಾಗ ಸಿಗಿಸಿ, ಕಿವಿ ಹಿಂದ ಒತ್ತಿ, ಮೈ ಬಿಗಿ ಹಿಡದು ಕಡಿಯಾಕ ಬರೋ ಕುನ್ನಿಗಿ ಈ ಪಾಠ ಅಲ್ಲ. ಅದು ಅಂಜಿರ್ತದ, ಇಲ್ಲಾ ಎಲ್ಲಿಯೋ ನೋವು ಇರ್ತದ. ನಿಮ್ಮೂರ ಪಶು ದವಾಖಾನಿಗಿ, ಬೀದರ ಕಡಿಯವರಾದ್ರ ನಂದಿನಗರದ ಪಶುವೈದ್ಯಕೀಯ ಕಾಲೇಜಿಗಿ ಒಯ್ದು ತೋರಸ್ರಿ. ಹೋಗೋ ಮೊದಲು ಮನ್ಯಾಗ ಅದು ಹಂಗ ಮಾಡುವಾಗ ಮೊಬೈಲ್‌ನಾಗ ಒಂದು ನಿಮಿಷ ವಿಡಿಯೋ ತಗೋರಿ. ಡಾಕ್ಟರ್ ಮುಂದ ಟೇಬಲ್ ಮ್ಯಾಲ ನಿಂತಾಗ ಅದು ಬಾಯಿನೇ ತೆಗೆಯಂಗಿಲ್ಲ.